ಬೀಗ ಹಾಕಿದ ಕಪಾಟಿನೊಳಗಿನ ತೇವ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಬಂದೂಕು ಲೈಸೆನ್ಸುದಾರರಿಗೆ ಒಂದು ಬಹಿರಂಗ ಪತ್ರ

ಹಿರಿಯರೇ, ಅಣ್ಣಂದಿರೇ, ಅಕ್ಕಂದಿರೇ, ನಿಮಗೆಲ್ಲ ಶರಣು ಶರಣಾರ್ಥಿ.

ಭೀಮಾತೀರ ಎಂದೊಡನೆ ಹೊರಗಿನವರ ಬಾಯಲ್ಲಿ ಬರುವುದು ಕಂಟ್ರಿ ಪಿಸ್ತೂಲಿನ ಮಾತು. ಸಿನಿಮಾದವರೂ ಪತ್ರಿಕೆಯವರೂ ಅದನ್ನೇ ಬೆಳೆಸಿದರು. ನಾನು ಬರೆಯುತ್ತಿರುವುದು ಅವರಿಗಲ್ಲ, ನಿಮಗೆ. ಕಾನೂನಿನ ಪ್ರಕಾರ ಅರ್ಜಿ ಕೊಟ್ಟು, ಪೊಲೀಸ್ ವಿಚಾರಣೆ ಮುಗಿಸಿ, ಬೆಳೆ ಕಾಯಲಿಕ್ಕೋ ತೋಟದ ಮನೆಯ ರಕ್ಷಣೆಗೋ ಹನ್ನೆರಡು ಬೋರಿನ ಒಂಟಿನಳಿಗೆ, ಜೋಡುನಳಿಗೆ ಇಟ್ಟುಕೊಂಡವರಿಗೆ. ಅಜ್ಜನ ಕಾಲದ ಕೇಪಿನ ಬಂದೂಕನ್ನು ಅಪ್ಪನಿಂದ ಪಡೆದು, ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರಿಗೆ. ಫೌಜಿನಿಂದ ನಿವೃತ್ತರಾಗಿ ಊರಿಗೆ ಬಂದು, ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವವರಿಗೆ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ಕೊಲ್ಹಾರ, ನಿಡಗುಂದಿ ಈಗ ಬೇರೆ ತಾಲೂಕುಗಳಾಗಿವೆ. ಹಳೆಯ ಲೆಕ್ಕದಲ್ಲಿ ನೀವೂ ಈ ನಾಲ್ಕರೊಳಗಿನವರೇ.

ಹೇಳಬೇಕಾದ ಮಾತು ಒಂದೇ. ನಮ್ಮದು ಒಣನಾಡು, ಇಲ್ಲಿ ಬಂದೂಕಿಗೆ ಜಂಗು ಹತ್ತುವುದಿಲ್ಲ ಎಂಬ ನಂಬಿಕೆ ತಪ್ಪು. ಜಂಗು ಹತ್ತುತ್ತದೆ. ಅದೂ ನಾವು ಅತ್ಯಂತ ಭದ್ರ ಎಂದುಕೊಂಡ ಜಾಗದಲ್ಲಿ, ಬೀಗ ಹಾಕಿದ ಕಬ್ಬಿಣದ ಕಪಾಟಿನೊಳಗೆ.

ವಿಜಯಪುರದ ಉಪ್ಪಲಿ ಬುರುಜನ್ನು ನೀವೆಲ್ಲ ಹತ್ತಿರುತ್ತೀರಿ. ಮೇಲೆ ಮಲಗಿರುವ ಉದ್ದನೆಯ ತೋಪುಗಳು ಕಬ್ಬಿಣದವು. ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆ ತೊಡಿಸಿ, ಕಾಸಿ ಬಡಿದು ಮಾಡಿದವು. ಮಲಿಕ್-ಎ-ಮೈದಾನದ ಮಾತು ಬೇರೆ. 1549ರಲ್ಲಿ ಎರಕ ಹೊಯ್ದ ಆ ತೋಪು ತಾಮ್ರ, ತವರ ಕೂಡಿದ ಗಂಟೆ ಲೋಹದ್ದು. ಅದಕ್ಕೆ ಕಿಲುಬು ಬಂದೀತು, ಜಂಗು ಬರಲಾರದು. ಆದರೆ ಬುರುಜಿನ ಮೇಲಿನ ಕಬ್ಬಿಣ ಮಳೆಗೆ ನೆನೆದು, ಬಿಸಿಲಿಗೆ ಕಾದು, ಶತಮಾನಗಳನ್ನು ಕಳೆದು ಇನ್ನೂ ಅಲ್ಲಿದೆ. ಅದು ಬಹಳ ದಪ್ಪ, ಹಳೆಯ ಕಬ್ಬಿಣದ ಗುಣವೂ ಬೇರೆ, ಅದರ ಮೈಮೇಲೆ ಜಂಗಿನ ಪದರ ಇದ್ದೇ ಇದೆ, ಎಲ್ಲ ಒಪ್ಪುತ್ತೇನೆ. ಆದರೂ ಮುಖ್ಯ ಕಾರಣಗಳಲ್ಲೊಂದು ನಮ್ಮ ಗಾಳಿ. ಮಳೆ ನಿಂತ ಮೇಲೆ ಬುರುಜಿನ ಮೇಲಿನ ಗಾಳಿ ಆ ತೋಪನ್ನು ಬೇಗ ಒಣಗಿಸುತ್ತದೆ. ನಮ್ಮ ಕಪಾಟಿನಲ್ಲಿ ಆ ಗಾಳಿ ಇಲ್ಲ. ಒಮ್ಮೆ ಒಳಹೊಕ್ಕ ತೇವಕ್ಕೆ ಹೊರಗೆ ಹೋಗುವ ದಾರಿಯಿಲ್ಲ. ನಮ್ಮ ನಳಿಗೆಯ ಗೋಡೆಯೋ, ಬಾಯಿಯ ಹತ್ತಿರ ಒಂದು ಮಿಲಿಮೀಟರಿನ ಆಸುಪಾಸು.

ಇಲ್ಲಿ ಹಗೇವು ತೆಗೆದು ಜೋಳ ತುಂಬಿದ ಹಿರಿಯರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಕಾಳು ಕಟಕಟ ಒಣಗದೆ ಅವರು ಹಗೇವಿಗೆ ಇಳಿಸುತ್ತಿರಲಿಲ್ಲ. ಹಸಿ ಕಾಳು ತುಂಬಿ ಬಾಯಿ ಮುಚ್ಚಿದರೆ, ಮುಚ್ಚಿದ್ದೇ ಅದನ್ನು ಕೆಡಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬಂದೂಕಿನ ಕಪಾಟೂ ಹಾಗೆಯೇ. ಭದ್ರವಾಗಿ ಮುಚ್ಚುವುದು ಒಳ್ಳೆಯದು, ಆದರೆ ಒಳಗಿರುವುದೆಲ್ಲ ಒಣಗಿರಬೇಕು.

ಈಗ ನಮ್ಮ ವರ್ಷವನ್ನು ನೋಡಿ. ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮಡಿಕೇರಿಯಲ್ಲಿ ಅದರ ಐದು ಪಟ್ಟು ಬೀಳುತ್ತದೆ. ಕೊಡಗಿನವರಿಗೆ ಮಳೆಯೇ ಎಚ್ಚರಿಕೆ ಕೊಡುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ತೆಗೆದು, ಒರೆಸಿ, ತೋಕ್ ಪೂ ಇಟ್ಟು ಪೂಜಿಸುವ ರೂಢಿ ಅಲ್ಲಿದೆ. ನಮ್ಮಲ್ಲಿ ಮಿರಗ ಹೆದರಿಸಿ ಹೋಗುತ್ತದೆ, ಜುಲೈ ಮೋಡ ತೋರಿಸಿ ಹೋಗುತ್ತದೆ. ನಿಜವಾದ ಮಳೆ ಬರುವುದು ಹುಬ್ಬಿ, ಉತ್ತರಿ, ಹಸ್ತದಲ್ಲಿ, ಹಿಂಗಾರಿ ಬಿತ್ತನೆಯ ಹೊತ್ತಿಗೆ. ಆಗ ನಮ್ಮ ಲಕ್ಷ್ಯವೆಲ್ಲ ಹೊಲದಲ್ಲಿ. ಕಪಾಟಿನ ಕಡೆ ಯಾರೂ ನೋಡುವುದಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ದಂಡೆ ಮೀರಿ ಹರಿದದ್ದು ಇಂಡಿ, ಸಿಂದಗಿಯವರಿಗೆ ನೆನಪಿದೆ. ನೀರು ಮನೆಯೊಳಗೆ ಬರದವರ ಗೋಡೆಗಳೂ ತಿಂಗಳುಗಟ್ಟಲೆ ತೇವ ಹಿಡಿದಿದ್ದವು. ಬಾಗೇವಾಡಿ, ಮುದ್ದೇಬಿಹಾಳದ ಕಡೆ ಇನ್ನೊಂದು ಬದಲಾವಣೆ ಆಗಿದೆ. ಆಲಮಟ್ಟಿಯ ಹಿನ್ನೀರು, ಕಾಲುವೆಗಳು, ಏತ ನೀರಾವರಿ ಬಂದ ಮೇಲೆ, ಹಿಂದೆ ಜೋಳ, ಕುಸುಬಿ ಬೆಳೆಯುತ್ತಿದ್ದ ಎರೆಹೊಲದಲ್ಲಿ ಈಗ ಕಬ್ಬು ನಿಂತಿದೆ. ಕಬ್ಬಿನ ನಡುವಿನ ತೋಟದ ಮನೆಯ ಗಾಳಿ ನಮ್ಮ ಅಜ್ಜಂದಿರ ಕಾಲದ ಗಾಳಿ ಅಲ್ಲ.

ಬ್ಯಾಸಿಗೆಯಲ್ಲಿ ಇದೇ ನಾಡು ತಿರುಗಿ ಬೀಳುತ್ತದೆ. ಏಪ್ರಿಲ್, ಮೇ ಮಧ್ಯಾಹ್ನದಲ್ಲಿ ಉಷ್ಣತೆ 40 ಡಿಗ್ರಿ ದಾಟಿದಾಗ ಗಾಳಿಯ ಸಾಪೇಕ್ಷ ಆರ್ದ್ರತೆ 20–25 ಶೇಕಡಕ್ಕೆ ಇಳಿಯುತ್ತದೆ. ಆಗ ನಳಿಗೆಗೆ ಏನೂ ಆಗುವುದಿಲ್ಲ. ಕಷ್ಟ ಕಟ್ಟಿಗೆಯದು. ಹಿಡಿಕೆಯ ಕತ್ತಿನಲ್ಲಿ ಕೂದಲೆಳೆಯಂಥ ಸೀಳು ಬಿಡುವುದು, ಲೋಹಕ್ಕೂ ಕಟ್ಟಿಗೆಗೂ ನಡುವೆ ಸಂದು ಕಾಣುವುದು ಆ ಕಾಲದಲ್ಲೇ. ಆಮೇಲೆ ಸೆಪ್ಟೆಂಬರಿನಲ್ಲಿ ಅದೇ ಸಂದಿನಲ್ಲಿ ತೇವ ಹೋಗಿ ಕೂರುತ್ತದೆ. ಹೀಗಾಗಿ, ಮಲೆನಾಡಿನವರು ಮಾಡಿದಂತೆ ವರ್ಷವಿಡೀ ಒಣಗಿಸುತ್ತಲೇ ಇರುವುದು ನಮಗೆ ಸರಿಹೊಂದುವುದಿಲ್ಲ. ಕಪಾಟಿನೊಳಗೆ 45ರಿಂದ 55 ಶೇಕಡದ ನಡುವೆ ಆರ್ದ್ರತೆ ನಿಂತರೆ ಉಕ್ಕಿಗೂ ಕಟ್ಟಿಗೆಗೂ ಕ್ಷೇಮ. 60–65 ದಾಟಿದರೆ ಜಂಗಿನ ವೇಗ ಏರುತ್ತದೆ.

ಇದನ್ನು ಕೈಯಿಂದ ಮುಟ್ಟಿ ತಿಳಿಯಲಾಗದು. ಅದಕ್ಕಾಗಿ ನಾನು ಮೊದಲು ಕೇಳಿಕೊಳ್ಳುವುದು, ಎಣ್ಣೆಗಿಂತ ಮುಂಚೆ, ಸಿಲಿಕಾ ಜೆಲ್‌ಗಿಂತ ಮುಂಚೆ ಆರ್ದ್ರತೆ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ತರಿಸಿ ಕಪಾಟಿನೊಳಗೆ ಇಡಿರಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಗ್ಗದ್ದು ಸರಿಯಾಗಿ ತೋರಿಸುತ್ತದೋ ಇಲ್ಲವೋ ಎಂಬ ಅನುಮಾನ ನ್ಯಾಯವೇ. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಅದು ಕೆಸರಿನಂತಾಗುವಷ್ಟು ಮಾತ್ರ ನೀರು ಹನಿಸಿ, ಗಾಳಿಯಾಡದ ಡಬ್ಬಿಯಲ್ಲಿ ಅದರ ಪಕ್ಕಕ್ಕೆ ಹೈಗ್ರೋಮೀಟರ್ ಇಟ್ಟು ಮುಚ್ಚಿ. ರಾತ್ರಿ ಇಟ್ಟರೆ ಮುಂಜಾನೆ 75 ತೋರಿಸಬೇಕು. 70 ತೋರಿಸಿದರೆ, ನಿಮ್ಮ ಯಂತ್ರ ಐದು ಕಡಿಮೆ ಹೇಳುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆ ಪರೀಕ್ಷೆಯನ್ನು ಕಪಾಟಿನೊಳಗೆ ಮಾತ್ರ ಮಾಡಬೇಡಿ. ಉಪ್ಪು ಬಂದೂಕಿನ ಹತ್ತಿರ ಸುಳಿಯಬಾರದು.

ತೇವ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 30 ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು, 20 ಡಿಗ್ರಿಯ ಗಾಳಿ ಸುಮಾರು 17 ಗ್ರಾಂ ಮಾತ್ರ. ಉತ್ತರಿ ಮಳೆಯ ದಿನ ಮಧ್ಯಾಹ್ನ ನೀವು ಕಪಾಟು ತೆರೆದಾಗ 30 ಡಿಗ್ರಿಯ, 60 ಶೇಕಡ ಆರ್ದ್ರತೆಯ ಗಾಳಿ ಒಳಗೆ ಹೋಯಿತು ಎನ್ನಿ. ಅದರಲ್ಲಿ 18 ಗ್ರಾಂ ನೀರಿದೆ. ಬಾಗಿಲು ಹಾಕಿದಿರಿ. ಬೆಳಗಿನ ಜಾವ ಕಬ್ಬಿಣದ ತಗಡು 20 ಡಿಗ್ರಿಗೆ ತಣಿದರೆ ಆ ಗಾಳಿಗೆ ಅಷ್ಟು ನೀರನ್ನು ಹಿಡಿದುಕೊಳ್ಳಲು ಆಗುವುದಿಲ್ಲ. ಮಿಕ್ಕದ್ದು ತಣ್ಣಗಿನ ಉಕ್ಕಿನ ಮೇಲೆ ಕೂರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಆ ಪದರ ಜಂಗಿಗೆ ಸಾಕು.

ಆದರೆ ಗಾಳಿಯಲ್ಲಿರುವ ನೀರು ಕಡಿಮೆ. ಹೆಚ್ಚಿನದು ಬಂದೂಕಿನ ಹಿಡಿಕೆಯಲ್ಲೇ ಇರುತ್ತದೆ. ಒಂದು ಕಿಲೋ ಒಣ ಕಟ್ಟಿಗೆ, ಬ್ಯಾಸಿಗೆಯ ಗಾಳಿಯಲ್ಲಿ ಸುಮಾರು 50 ಗ್ರಾಂ ನೀರು ಹಿಡಿದಿದ್ದರೆ, 80 ಶೇಕಡ ಆರ್ದ್ರತೆಯಲ್ಲಿ ವಾರಗಟ್ಟಲೆ ಇದ್ದಾಗ 160 ಗ್ರಾಂವರೆಗೆ ಹೀರಿಕೊಳ್ಳುತ್ತದೆ. ಕಪಾಟಿನಲ್ಲಿ ಬಟ್ಟೆ, ಕಾಗದ, ಚರ್ಮದ ಪಟ್ಟಿ ಇದ್ದರೆ ಅವುಗಳದೂ ಸೇರುತ್ತದೆ. ಸಿಲಿಕಾ ಜೆಲ್ ಇಟ್ಟ ಮರುದಿನವೇ ಮುಳ್ಳು ಇಳಿಯಲಿಲ್ಲ ಎಂದು ಬೇಸರ ಮಾಡಿಕೊಳ್ಳುವವರು ಇದನ್ನು ನೆನಪಿಡಬೇಕು. ಅದು ಮೊದಲು ಕಟ್ಟಿಗೆಯೊಳಗಿನ ನೀರನ್ನು ಎಳೆಯಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ.

ಕಪಾಟು ನಿಂತ ಜಾಗವನ್ನೂ ನೋಡಿ. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ತಿಜೋರಿ ಇರುವುದು ಒಳಗಿನ ಕತ್ತಲೆ ಕೋಣೆಯಲ್ಲಿ, ಬಹಳ ಕಡೆ ಬಚ್ಚಲಿನ ಗೋಡೆಗೆ ಒತ್ತಿ. ಕಳ್ಳರ ದೃಷ್ಟಿಯಿಂದ ಅದು ಸರಿ, ತೇವದ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಎರೆಮಣ್ಣು ಒಮ್ಮೆ ನೆನೆದರೆ ನೀರು ಬಿಡುವುದು ಬಹಳ ನಿಧಾನ. ಬುನಾದಿಯಿಂದ ಆ ನೀರು ಗೋಡೆಯೊಳಗೆ ಏರುತ್ತದೆ, ಬರುವಾಗ ಮಣ್ಣಿನ ಉಪ್ಪನ್ನೂ ತರುತ್ತದೆ. ಗೋಡೆಯ ಕೆಳಭಾಗದಲ್ಲಿ ಬಿಳಿ ಹುಡಿ ಕಂಡರೆ ಕಪಾಟನ್ನು ಅಲ್ಲಿಂದ ಸರಿಸಿ. ಸರಿಸಲಾಗದಿದ್ದರೆ ಗೋಡೆಯಿಂದ ನಾಲ್ಕು ಬೆರಳು ದೂರ ತನ್ನಿ, ಕೆಳಗೆ ಕಟ್ಟಿಗೆ ಅಟ್ಟೆ ಕೊಡಿ. ಗೋಡೆಗೆ ಬೋಲ್ಟ್ ಹಾಕಿದ್ದರೆ ತೂತಿನ ಸುತ್ತ ಸಿಲಿಕೋನ್ ಸೀಲು ಹಚ್ಚಿ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ. ಹೊಸದಾಗಿ ಬೆಂಕಿ ತಡೆಯುವ ತಿಜೋರಿ ಕೊಂಡವರಿಗೆ ಇನ್ನೊಂದು ಮಾತು: ಅಂಥ ಹಲವು ತಿಜೋರಿಗಳ ಗೋಡೆಯೊಳಗೆ ಜಿಪ್ಸಮ್ ತುಂಬಿರುತ್ತದೆ. ಜಿಪ್ಸಮ್ಮಿನ ತೂಕದ ಐದನೇ ಒಂದು ಭಾಗ ನೀರೇ. ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಕಾಪಾಡುತ್ತದೆ. ಉಳಿದ ದಿನಗಳಲ್ಲಿ ಅದೇ ಗೋಡೆ ಒಳಗನ್ನು ಸದಾ ತುಸು ತೇವವಾಗಿ ಇಡುತ್ತದೆ. ದುಬಾರಿ ತಿಜೋರಿ ಎಂದು ಮೈಮರೆಯಬೇಡಿ.

ಸಿಲಿಕಾ ಜೆಲ್ ವಿಷಯ. ನಮ್ಮ ಸಾಮಾನ್ಯ ಬಟ್ಟೆ ಕಪಾಟಿನ ಅಳತೆಗೆ ಅರ್ಧ ಕಿಲೋದಿಂದ ಒಂದು ಕಿಲೋ ಬೇಕು. ಬೂಟಿನ ಡಬ್ಬಿಯಲ್ಲಿ ಬರುವ ಎರಡು ಪುಟ್ಟ ಚೀಲ ಏನೂ ಮಾಡಲಾರವು. ಅದು ತನ್ನ ತೂಕದ ಕಾಲುಭಾಗದಷ್ಟು ನೀರು ಹೀರುತ್ತದೆ, ಆಮೇಲೆ ಸುಮ್ಮನೆ ಕೂರುತ್ತದೆ. ಬಣ್ಣ ಬದಲಿಸುವ ಜಾತಿಯದು ಕೊಂಡರೆ ಯಾವಾಗ ದಣಿಯಿತು ಎಂದು ಗೊತ್ತಾಗುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇದೆ. ಮಕ್ಕಳಿರುವ ಮನೆಯಲ್ಲಿ ಕಿತ್ತಳೆ ಬಣ್ಣದ್ದು ಮೇಲು. ದಣಿದದ್ದನ್ನು ತಗಡಿನ ತಟ್ಟೆಯಲ್ಲಿ ಹರಡಿ 110–120 ಡಿಗ್ರಿಯಲ್ಲಿ ಎರಡು ತಾಸು ಕಾಸಿದರೆ ಮತ್ತೆ ಹೊಸದು. ರೊಟ್ಟಿ ಹಂಚಿನ ಮೇಲೆ ಹಾಕಬೇಡಿ. ಆ ತಟ್ಟೆ ಅದಕ್ಕೇ ಬೇರೆ ಇರಲಿ. ಹುಬ್ಬಿ ಮಳೆ ಹಿಡಿಯುವ ಮುನ್ನ ಒಳಗೆ ಇಡಿ, ಶಿವರಾತ್ರಿ ದಾಟಿದ ಮೇಲೆ ಹೊರಗೆ ತೆಗೆಯಿರಿ. ಬ್ಯಾಸಿಗೆಯಲ್ಲೂ ಒಳಗೇ ಬಿಟ್ಟರೆ ಹಿಡಿಕೆಗೆ ಬೇಕಾದ ಕೊನೆಯ ತೇವವನ್ನೂ ಅದು ಎಳೆದುಕೊಳ್ಳುತ್ತದೆ.

ಅಂಗಡಿಗಳಲ್ಲಿ ನೀರು ಕಟ್ಟುವ ಡಬ್ಬಿ ಎಂದು ಸಿಗುವುದರಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಬಟ್ಟೆಯ ಕಪಾಟಿಗೆ ಅಡ್ಡಿಯಿಲ್ಲ. ಬಂದೂಕಿನ ಪಕ್ಕ ಅದು ಚೆಲ್ಲಿದರೆ ಒಂದೇ ವಾರದಲ್ಲಿ ಉಕ್ಕನ್ನು ತಿಂದುಹಾಕುತ್ತದೆ. ಡಾಂಬರು ಗುಳಿಗೆ ಹುಳಕ್ಕೆ ಮಾತ್ರ, ತೇವಕ್ಕಲ್ಲ. ಕಪಾಟಿನೊಳಗೆ ಬಲ್ಬು ಉರಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಉಷ್ಣತೆ ಏರಿದರೆ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ ಎಂಬುದು ಖರೆ. ಆದರೆ ಕರೆಂಟು ಹೋಗಿಬಂದು ಮಾಡುವ ನಮ್ಮ ಊರುಗಳಲ್ಲಿ ಅದು ನೆಚ್ಚುವಂಥದಲ್ಲ, ಎಣ್ಣೆ ಬಟ್ಟೆ ಇರುವಲ್ಲಿ ಬೆಂಕಿಯ ಅಪಾಯವೂ ಇದೆ. ಕಾಡತೂಸುಗಳಂತೂ ಬೇರೆಯೇ ಬೀಗದೊಳಗೆ ಇರಬೇಕು. ಹಳೆಯ ಕಾಗದದ ಕಾಡತೂಸು ತೇವಕ್ಕೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥವನ್ನು ಬಳಸದೆ, ಲೈಸೆನ್ಸು ಇರುವ ಡೀಲರಿಗೆ ತೋರಿಸಿ.

ಎಣ್ಣೆಯ ವಿಷಯದಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಬಿಡಿಸಲೇಬೇಕಾಗಿದೆ. ಮನೆಯಲ್ಲಿ ಇದೆಯೆಂದು ಕುಸುಬಿ ಎಣ್ಣೆಯನ್ನೇ ಕುದುರೆಗೂ ಕೀಲುಗಳಿಗೂ ಬಿಡುವವರಿದ್ದಾರೆ. ಊಟಕ್ಕೆ ಅದು ಅಮೃತ. ಉಕ್ಕಿಗೆ ಅಲ್ಲ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಒಂದೆರಡು ವರ್ಷದಲ್ಲಿ ಅದು ಹಳದಿ ಗೋಂದಿನಂತೆ ಗಟ್ಟಿಯಾಗಿ ಕುದುರೆಯ ಕೆಲಸಕ್ಕೇ ಅಡ್ಡ ಬರುತ್ತದೆ. ಸೇಫ್ಟಿ ಅರ್ಧಕ್ಕೆ ನಿಂತ ಬಂದೂಕು ಯಾರ ಮನೆಯಲ್ಲೂ ಇರಬಾರದು. ಲೋಹಕ್ಕೆ ಖನಿಜ ಎಣ್ಣೆ, ಅಂದರೆ ಬಂದೂಕಿನ ಎಣ್ಣೆ ಅಥವಾ ಒಳ್ಳೆಯ ಮಷೀನ್ ಎಣ್ಣೆ, ಒರೆಸಿದ ಮೇಲೆ ಬೆರಳಿಗೆ ಅಂಟದಷ್ಟು ತೆಳುವಾಗಿ. ಕಟ್ಟಿಗೆಗೆ ಮಾತ್ರ ನಮ್ಮ ಹೊಲದ ಎಣ್ಣೆ ಒಂದು ಸರಿಹೊಂದುತ್ತದೆ: ಅಗಸಿ ಎಣ್ಣೆ. ಅದೂ ಒಣಗುವ ಜಾತಿಯದೇ, ಆದರೆ ಕಟ್ಟಿಗೆಯ ಮೇಲೆ ಒಣಗಿ ಪದರವಾಗುವುದೇ ಅಲ್ಲಿ ಬೇಕಾದದ್ದು. ಜಗತ್ತಿನ ಹಲವೆಡೆ ಬಂದೂಕು ಮಾಡುವವರು ಹಿಡಿಕೆಗೆ ಹಚ್ಚುತ್ತ ಬಂದದ್ದು ಇದನ್ನೇ. ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಅಂಗೈಯಿಂದ ತೆಳುವಾಗಿ ತೀಡಿದರೆ ಬ್ಯಾಸಿಗೆಯ ಸೀಳು ಬಹಳಮಟ್ಟಿಗೆ ತಪ್ಪುತ್ತದೆ. ತೀಡಿದ ಚಿಂದಿಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿ ಬೆಂಕಿ ಹಿಡಿಯಬಲ್ಲದು. ನೀರಲ್ಲಿ ನೆನೆಸಿ, ಬಿಡಿಸಿ ಒಣಹಾಕಿ.

ಒರೆಸಲು ಕುಳಿತಾಗ ಮೊದಲ ಕೆಲಸ ಬಂದೂಕನ್ನು ಮಡಚಿ ಎರಡೂ ನಳಿಗೆ ಖಾಲಿ ಇವೆ ಎಂದು ಕಣ್ಣಾರೆ ನೋಡುವುದು. ಎಷ್ಟೇ ವರ್ಷದ ಅನುಭವ ಇರಲಿ, ಇದನ್ನು ಬಿಡಬೇಡಿ. ಫೌಜಿನಿಂದ ಬಂದವರಿಗೆ ನಳಿಗೆ ಒರೆಸುವ ಪುಲ್‌ಥ್ರೂ, ಚಿಂದಿ ಅಭ್ಯಾಸವಾಗಿದೆ. ನೆರೆಹೊರೆಯ ಲೈಸೆನ್ಸುದಾರರಿಗೆ ನೀವು ಕಲಿಸಿಕೊಡಿ. ಕೇಪಿನ ಬಂದೂಕಿನ ಕರಿಮದ್ದು ಸುಟ್ಟ ಮೇಲೆ ಉಳಿಯುವುದು ಉಪ್ಪುಗಳು, ಅವು ಗಾಳಿಯಿಂದ ನೀರನ್ನು ಎಳೆಯುತ್ತವೆ, ಎಣ್ಣೆಗೆ ಕರಗುವುದಿಲ್ಲ. ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಒರೆಸಿದ ಬಂದೂಕನ್ನು ಮತ್ತೆ ಚರ್ಮದ ಚೀಲಕ್ಕೆ ತುಂಬಿ ಕಪಾಟಿನಲ್ಲಿ ಇಡಬೇಡಿ. ಆ ಚೀಲ ಒಯ್ಯಲಿಕ್ಕೆ ಮಾತ್ರ. ನಳಿಗೆಯ ಬಾಯಿಗೆ ಅರಳೆ ತುರುಕುವುದು ಅದಕ್ಕಿಂತ ಕೆಟ್ಟದ್ದು. ಅದು ತೇವ ಹಿಡಿಯುತ್ತದೆ, ಮರೆತು ಬಾರು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಈಗಾಗಲೇ ಒಳಗೆ ಗುಳಿ ಬಿದ್ದಂತೆ ಕಂಡರೆ ಊರಿನ ಕಮ್ಮಾರರ ಹತ್ತಿರ ಒಯ್ಯಬೇಡಿ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿಗೆ ಪ್ರತ್ಯೇಕ ಲೈಸೆನ್ಸು ಬೇಕು. ನಿಮ್ಮ ಜೊತೆ ಅವರೂ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತಾರೆ.

ಖಂಡೇ ಪೂಜೆಯ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ನಾನೂ ಆ ಪೂಜೆಯನ್ನು ಶ್ರದ್ಧೆಯಿಂದ ಮಾಡುವವನು. ಅದು ಬರುವುದು ಹಸ್ತದ ಮಳೆಯ ಹೊತ್ತಿಗೆ, ವರ್ಷದ ಅತ್ಯಂತ ತೇವದ ದಿನಗಳಲ್ಲಿ. ವಿಭೂತಿ, ಕುಂಕುಮ, ಹಸಿ ಹೂವು, ಕಾಯಿನೀರು, ಇಂಡಿ ನಾಡಿನ ಲಿಂಬೆಹಣ್ಣು ಎಲ್ಲವೂ ನಳಿಗೆಯ ಮೇಲೆ ಏರುತ್ತವೆ. ಲಿಂಬೆಯ ಹುಳಿ ಉಕ್ಕಿನ ಕಪ್ಪು ಹೊಳಪನ್ನು ಕರಗಿಸುತ್ತದೆ, ಬೂದಿ ತೇವ ಹಿಡಿಯುತ್ತದೆ. ವಿಭೂತಿ, ಕುಂಕುಮವನ್ನು ಹಿಡಿಕೆಯ ಕಟ್ಟಿಗೆಗೆ ಹಚ್ಚೋಣ, ಲಿಂಬೆಯನ್ನು ಮುಂದಿನ ತಟ್ಟೆಯಲ್ಲಿ ಇಡೋಣ. ಬನ್ನಿ ಕೊಟ್ಟು ಬಂದ ರಾತ್ರಿಯೇ ಒರೆಸಿ, ಎಣ್ಣೆ ತೀಡಿ, ಬೀಗ ಹಾಕೋಣ. ಮರುದಿನಕ್ಕೆ ಎಂದರೆ ವಾರ ಹೋಗುತ್ತದೆ. ಪೂಜೆಯ ಹೊತ್ತಿನಲ್ಲೂ ಬಂದೂಕು ಖಾಲಿ ಇರಲಿ, ಲೈಸೆನ್ಸುದಾರರ ಕಣ್ಣಳತೆಯಲ್ಲೇ ಇರಲಿ.

ಇನ್ನು ನಮ್ಮ ಕೈಯಲ್ಲಿ ಪೂರ್ತಿ ಇಲ್ಲದ ಸಂಗತಿ. ಚುನಾವಣೆ ಘೋಷಣೆಯಾದಾಗ ಬಂದೂಕುಗಳನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ. 2023ರ ವಿಧಾನಸಭೆ, 2024ರ ಲೋಕಸಭೆ ಎರಡೂ ಬ್ಯಾಸಿಗೆಯಲ್ಲಿ ಬಂದವು, ಬದುಕಿದೆವು. ಮಳೆಗಾಲದಲ್ಲಿ ಬರುವ ಚುನಾವಣೆಯ ಮಾತು ಬೇರೆ. ಇದಕ್ಕಿಂತ ಕಷ್ಟದ್ದು ಲೈಸೆನ್ಸುದಾರರು ತೀರಿಕೊಂಡಾಗ ಬರುವುದು. ಕಾಯ್ದೆಯ 21ನೇ ಕಲಮಿನಂತೆ ಆ ಬಂದೂಕನ್ನು ತಡಮಾಡದೆ ಠಾಣೆಗೋ ಡೀಲರಿಗೋ ಒಪ್ಪಿಸಬೇಕು. ವಾರಸುದಾರರಿಗೆ ಲೈಸೆನ್ಸು ಸಿಗುವವರೆಗೆ ಅದು ಅಲ್ಲೇ ಉಳಿಯುತ್ತದೆ. ಎಷ್ಟೋ ಸಲ ಒಂದಕ್ಕಿಂತ ಹೆಚ್ಚು ಮಳೆಗಾಲ. ಮಾಲ್‌ಖಾನೆಯ ಸಿಬ್ಬಂದಿಗೆ ನೂರು ಕೆಲಸ, ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಒಪ್ಪಿಸುವ ಮುನ್ನ ನಾವು ದಪ್ಪನಾಗಿ ಎಣ್ಣೆ ಹಚ್ಚಿ, ಯಂತ್ರಭಾಗಗಳನ್ನು ಸುತ್ತುವ ವಿಸಿಐ ಕಾಗದದಲ್ಲಿ ಸುತ್ತಿ, ರಸೀದಿಯಲ್ಲಿ ಬಂದೂಕಿನ ನಂಬರಿನ ಜೊತೆ ಅದರ ಸ್ಥಿತಿಯನ್ನೂ ಬರೆಸಿಕೊಳ್ಳಬಹುದು. ಎಪ್ಪತ್ತು ದಾಟಿದ ಹಿರಿಯರು, ರಸೀದಿ, ಲೈಸೆನ್ಸು ಪುಸ್ತಕ ಎಲ್ಲಿವೆ, ವಾರಸುದಾರರು ಯಾವ ಅರ್ಜಿ ಕೊಡಬೇಕು ಎಂದು ಮಕ್ಕಳಿಗೆ ಈಗಲೇ ಹೇಳಿಡಿ.

ಉಳಿದದ್ದಕ್ಕೆ ನಾಲ್ಕೂ ತಾಲೂಕಿನವರು ಸೇರಿ ಜಿಲ್ಲಾಧಿಕಾರಿಗಳಿಗೆ ಒಂದು ಮನವಿ ಕೊಡೋಣ ಎಂಬುದು ನನ್ನ ಬಿನ್ನಹ. ಕೇಳುವುದು ದೊಡ್ಡದೇನಲ್ಲ. ಠಾಣೆಯಲ್ಲಿ ಬಂದೂಕುಗಳು ನೆಲಕ್ಕೂ ಗೋಡೆಗೂ ತಾಗದಂತೆ ನಿಲ್ಲಲು ಒಂದು ಕಟ್ಟಿಗೆ ಸ್ಟ್ಯಾಂಡು. ನಮ್ಮ ಖರ್ಚಿನಲ್ಲೇ ತಂದು ಕೊಡುವ ಸಿಲಿಕಾ ಜೆಲ್ ಇಡಲು ಅನುಮತಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಠಾಣಾಧಿಕಾರಿಗಳ ಎದುರಿನಲ್ಲಿ ಲೈಸೆನ್ಸುದಾರರು ಬಂದು ಒರೆಸಿ ಹೋಗುವ ಅವಕಾಶ. ಮಾಲೀಕರು ತೀರಿಕೊಂಡ ಬಂದೂಕುಗಳಿಗೆ ಡೀಲರಿಂದ ವರ್ಷಕ್ಕೊಮ್ಮೆ ತಪಾಸಣೆ. ಮನವಿಯ ಕರಡು ಸಿದ್ಧವಿದೆ, ಮೊದಲ ಸಹಿಯನ್ನು ನಾನು ಹಾಕಿದ್ದೇನೆ. ಹುಬ್ಬಿ ಮಳೆ ಹಿಡಿಯುವುದರೊಳಗೆ ನಿಮ್ಮ ಸಹಿಗಳೂ ಸೇರಿದರೆ ಈ ವರ್ಷದ ಮಳೆಗಾಲಕ್ಕೇ ಅದು ಕೆಲಸಕ್ಕೆ ಬರುತ್ತದೆ.

ನಿಮ್ಮವನೇ ಆದ
ಒಬ್ಬ ಲೈಸೆನ್ಸುದಾರ